ಬಿತೊಲಾದಲ್ಲಿ ವೇರಾ ತಿರುಗದ ಓಣಿ

ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತಿದ್ದಾಗಲೇ ವೇರಾ ತಮ್ಮ ಕೈಚೀಲವನ್ನು ಮೂರು ಸಲ ಬಿಚ್ಚಿ ಮುಚ್ಚಿದರು. ಪಾಸ್‌ಪೋರ್ಟ್ ಇದೆಯೇ, ಬಿಪಿ ಮಾತ್ರೆ ಇದೆಯೇ, ಹತ್ತು ದಿನ ರಜೆ ಎಂಬ ಚೀಟಿಯನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದೆನೇ ಎಂದು ಸುತ್ತಿ ಸುತ್ತಿ ಅದನ್ನೇ ಕೇಳುತ್ತಿದ್ದರು. ಹೊರಗೆ ಜೂನ್ ತಿಂಗಳ ಚಳಿ, ಸಣ್ಣ ಮಳೆ. ನನ್ನ ಗಂಡ ಕಿರಣ್ ಮತ್ತು ಒಂಬತ್ತು ವರ್ಷದ ಮಗಳು ಅನ್ವಿ ನಮ್ಮನ್ನು ಬಿಡಲು ಬಂದಿದ್ದರು. ಕಿರಣ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಲೀಸ್ ವಿಷ್ಯ ಅಲ್ಲೇ ಕೂತು ಡಿಸೈಡ್ ಮಾಡ್ಬೇಡ ಸುಮಾ. ವಾಪಸ್ ಬಂದ್ಮೇಲೆ ಮಾತಾಡೋಣ."

ವೇರಾ ನಾನು ಕೆಲಸ ಮಾಡುವ ಅಂಗಡಿಯ ಒಡತಿ. ವಯಸ್ಸು ಎಪ್ಪತ್ತೊಂದು. ಥಾಮಸ್‌ಟೌನ್‌ನಲ್ಲಿ ಅವರದೊಂದು ಬುರೆಕ್ ಅಂಗಡಿ ಇದೆ, ಕ್ರೇಗಿಬರ್ನ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ಮೈದಾ ಹಿಟ್ಟನ್ನು ಕಲ್ಲಿನ ಮೇಜಿನ ಮೇಲೆ ಎಳೆದು ಎಳೆದು, ಕೆಳಗಿನ ಕಲ್ಲು ಕಾಣುವಷ್ಟು ತೆಳ್ಳಗೆ ಮಾಡಿ, ನಡುವೆ ಚೀಸನ್ನೋ ಪಾಲಕ್ಕನ್ನೋ ಕೊಚ್ಚಿದ ಮಾಂಸವನ್ನೋ ಹಾಕಿ ಮಡಚಿ ಒಲೆಯಲ್ಲಿ ಬೇಯಿಸುವ ತಿಂಡಿಯೇ ಬುರೆಕ್. ನಾನು ಹಾವೇರಿಯವಳು. ಅಡುಗೆ ಕೋರ್ಸ್ ಮಾಡಲು ಮೆಲ್ಬರ್ನಿಗೆ ಬಂದು, ಅಲ್ಲೇ ನೆಲೆಸಲು ಬೇಕಾದ ಪಿಆರ್‌ಗಾಗಿ ಕಾದು, ಅಲ್ಲಿ ಇಲ್ಲಿ ಪಾತ್ರೆ ತೊಳೆದು, ಕೊನೆಗೆ ಈ ಅಂಗಡಿಯಲ್ಲಿ ನೆಲೆ ನಿಂತು ಒಂಬತ್ತು ವರ್ಷವಾಗಿತ್ತು. ನಾವೆಲ್ಲ ಅವರನ್ನು ತೇತಾ ವೇರಾ ಎನ್ನುತ್ತಿದ್ದೆವು. ತೇತಾ ಎಂದರೆ ಅವರ ಮಾತಿನಲ್ಲಿ ಆಂಟಿ.

ಅಂಗಡಿಯ ಲೀಸ್ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ತನ್ನಿಂದ ಇನ್ನು ಆಗದು, ಹೊಸ ಲೀಸ್ ನಿನ್ನ ಹೆಸರಿಗೆ ಮಾಡಿಸಿಕೊ ಎಂದು ವೇರಾ ಎರಡು ತಿಂಗಳಿಂದ ಹೇಳುತ್ತಿದ್ದರು. ನಾನು ಹೂಂ ಎಂದೂ ಹೇಳಿರಲಿಲ್ಲ, ಊಹೂಂ ಎಂದೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಟ್ರೇ ತೊಳೆಯುತ್ತಿದ್ದಾಗ ಅವರು, ನಿಜವಾದ ಬುರೆಕ್ ಹೇಗಿರುತ್ತದೆಂದು ನೀನು ತಿಂದು ನೋಡಬೇಕು, ನನ್ನ ಊರಿಗೆ ಹೋಗೋಣ ಎಂದರು. ಅವರ ಊರು ಉತ್ತರ ಮ್ಯಾಸಿಡೋನಿಯದ ಬಿತೊಲಾ. ಅಪ್ಪನ ಕಾಲದ ಬುರೆಕ್ ಅಂಗಡಿ ಅಲ್ಲಿನ ಹಳೆ ಬಜಾರಿನಲ್ಲಿ ಇನ್ನೂ ನಡೆಯುತ್ತಿದೆ, ತಮ್ಮ ಬ್ಲಾಗೊಯ್ ನೋಡಿಕೊಳ್ಳುತ್ತಾನೆ ಎಂದೂ ಹೇಳಿದರು. ಆ ತಮ್ಮನೊಡನೆ ಮಾತು ಬಿಟ್ಟು ಇಪ್ಪತ್ತು ವರ್ಷಕ್ಕೂ ಮೇಲಾಯಿತು ಎಂಬುದನ್ನು ಹೇಳಿದ್ದು ವಿಮಾನ ಇಸ್ತಾಂಬುಲ್‌ನತ್ತ ಅರ್ಧ ದಾರಿ ಕ್ರಮಿಸಿದ ಮೇಲೆ. ತಾಯಿ ತೀರಿಕೊಂಡಾಗ ಅವನು ಫೋನ್ ಮಾಡಲಿಲ್ಲವಂತೆ. ನಲವತ್ತನೆಯ ದಿನದ ಪೂಜೆಯೂ ಮುಗಿದ ಮೇಲೆ ಒಂದು ಕಾಗದ ಬಂತಂತೆ. ಅದನ್ನು ಹೇಳಿ ಅವರು ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡರು. ನಿದ್ದೆ ಮಾತ್ರ ಮಾಡಲಿಲ್ಲ.

ಇಸ್ತಾಂಬುಲ್‌ನಲ್ಲಿ ವಿಮಾನ ಬದಲಿಸಿ ರಾಜಧಾನಿ ಸ್ಕೋಪಿಯೆಯಲ್ಲಿ ಇಳಿದೆವು. ಮನೆ ಬಿಟ್ಟು ಮೂವತ್ತು ಗಂಟೆಯಾಗುತ್ತ ಬಂದಿತ್ತು. ಸಿಟಿಜನ್‌ಶಿಪ್ ಸಿಕ್ಕ ಮೇಲೆ ಕೈಗೆ ಬಂದ ನನ್ನ ಹೊಸ ಪಾಸ್‌ಪೋರ್ಟಿಗೆ ಅದೇ ಮೊದಲ ಮುದ್ರೆ. ಅಲ್ಲಿಂದ ಬಿತೊಲಾಕ್ಕೆ ಬಸ್ಸಿನಲ್ಲಿ ಮೂರೂವರೆ ಗಂಟೆ, ಟಿಕೆಟ್ ನಮ್ಮ ಹದಿನೈದು ಡಾಲರಿನ ಆಸುಪಾಸು. ಹೊರಗೆ ಮೂವತ್ತನಾಲ್ಕು ಡಿಗ್ರಿ ಬಿಸಿಲು. ದಾರಿಯುದ್ದಕ್ಕೂ ಬೋಳು ಗುಡ್ಡ, ದ್ರಾಕ್ಷಿ ತೋಟ, ತಂಬಾಕಿನ ಹೊಲ. ನಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದವನು ನನ್ನ ಇಂಗ್ಲಿಷ್ ಕೇಳಿ ಹಿಂದಕ್ಕೆ ತಿರುಗಿ, ಯಾವ ಸಬರ್ಬ್ ಎಂದು ವಿಚಾರಿಸಿದ. ಅವನು ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಟೈಲ್ಸ್ ಕೆಲಸ ಮಾಡುವವನು, ಅಜ್ಜಿಯನ್ನು ನೋಡಲು ಹೊರಟಿದ್ದ. ಬೇಸಿಗೆಯಲ್ಲಿ ಬಿತೊಲಾದ ಅರ್ಧ ಜನ ಮೆಲ್ಬರ್ನಿನವರೇ, ನಿಮಗೆ ಊರು ಬಿಟ್ಟು ಬಂದ ಹಾಗೇ ಅನಿಸುವುದಿಲ್ಲ ಎಂದು ನಕ್ಕ. ವೇರಾ ಕಿಟಕಿಯತ್ತ ಮುಖ ತಿರುಗಿಸಿ ಕೂತಿದ್ದರು. ದೂರದಲ್ಲಿ ಪೆಲಿಸ್ತೆರ್ ಬೆಟ್ಟ ಕಂಡಾಗ ಮಾತ್ರ ನನ್ನ ಮಂಡಿಯ ಮೇಲೆ ಕೈಯಿಟ್ಟರು.

ಹೋಟೆಲ್ ಊರ ನಡುವಿನ ಚೌಕದಲ್ಲಿತ್ತು. ಕೋಣೆಗೆ ಹೋಗಿ ಕಿಟಕಿ ತೆರೆದರೆ ಎದುರಿಗೇ ಗಡಿಯಾರ ಗೋಪುರ, ಅದರಾಚೆ ದ್ರಾಗೊರ್ ಎಂಬ ಸಣ್ಣ ನದಿ, ನದಿಯಾಚೆ ಮಸೀದಿಯ ಗುಮ್ಮಟ ಮತ್ತು ಹಳೆ ಬಜಾರಿನ ಹೆಂಚುಗಳು. ನನಗೆ ಇದಕ್ಕಿಂತ ಒಳ್ಳೆಯ ನೋಟ ಬೇಕಿರಲಿಲ್ಲ. ವೇರಾ ಒಂದು ಕ್ಷಣ ನೋಡಿದವರು ಪರದೆ ಎಳೆದು, ಗೋಪುರದ ಗಂಟೆಯ ಸದ್ದು ಜಾಸ್ತಿ ಎಂದು ದೂರಿ, ಹಿಂಬದಿಯ ಕೋಣೆ ಕೇಳಿ ಪಡೆದರು. ಅಲ್ಲಿಂದ ಕಾಣುತ್ತಿದ್ದದ್ದು ಒಂದು ಕಾರ್ ಪಾರ್ಕ್. ನಾಳೆ ಬೆಳಿಗ್ಗೆ ಅಂಗಡಿಗೆ ಹೋಗೋಣವೇ ಎಂದು ಕೇಳಿದೆ. "ನಾಳೆ ಭಾನುವಾರ. ಗಿರಾಕಿ ಜಾಸ್ತಿ ಇರ್ತಾರೆ. ಸೋಮವಾರ ಹೋಗೋಣ," ಎಂದರು.

ಭಾನುವಾರ ಹೆರಾಕ್ಲೆಯಾ ನೋಡಲು ಹೋದೆವು. ಊರಿನಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಪಟ್ಟಣದ ಅವಶೇಷ ಅದು. ಟ್ಯಾಕ್ಸಿ ಬೇಡ, ನಡೆಯೋಣ ಎಂದು ವೇರಾ ಹಟ ಹಿಡಿದರು. ಅವರ ಮಂಡಿ ನೋವು ನನಗೆ ಗೊತ್ತು. ಆದರೂ ನನಗಿಂತ ಹತ್ತು ಹೆಜ್ಜೆ ಮುಂದೆಯೇ ಇದ್ದರು. ಅಲ್ಲಿನ ಹಳೆಯ ಚರ್ಚುಗಳ ನೆಲದ ಮೇಲೆ ಬಣ್ಣಬಣ್ಣದ ಕಲ್ಲಿನ ಹರಳುಗಳಿಂದ ಬಿಡಿಸಿದ ಚಿತ್ರಗಳಿವೆ. ಹಣ್ಣು ತುಂಬಿದ ಮರಗಳು, ನೀರುಕೋಳಿಗಳು, ಜಿಂಕೆಯನ್ನು ಹರಿದು ತಿನ್ನುತ್ತಿರುವ ಚಿರತೆ, ಅಂಜೂರದ ಮರಕ್ಕೆ ಕಟ್ಟಿಹಾಕಿದ ಒಂದು ಕೆಂಪು ನಾಯಿ. ಹರಳುಗಳಲ್ಲಿ ಯಾವ ಎರಡೂ ಒಂದೇ ಬಣ್ಣದವಲ್ಲ ಎಂಬುದು ಬಗ್ಗಿ ನೋಡಿದಾಗ ತಿಳಿಯುತ್ತದೆ. ನಾನು ಬಗ್ಗುವಷ್ಟರಲ್ಲಿ ವೇರಾ ಹೊರಡೋಣವೇ ಎಂದರು. ಬಯಲು ರಂಗಮಂದಿರದ ಕಲ್ಲಿನ ಮೆಟ್ಟಿಲ ಮೇಲೆ ಎರಡು ನಿಮಿಷ ಕೂತರು, ಎದ್ದರು, ಮತ್ತೊಂದು ಮೆಟ್ಟಿಲಿಗೆ ಹೋಗಿ ಕೂತರು. ಶಾಲೆಯಲ್ಲಿದ್ದಾಗ ತಮ್ಮನೂ ತಾನೂ ಇಲ್ಲಿಗೆ ಬಂದು ಬಾಯಿಪಾಠದ ಪದ್ಯಗಳನ್ನು ಕೂಗಿ ಹೇಳುತ್ತಿದ್ದೆವೆಂದು ಹೇಳಿದರು. ಯಾವ ಪದ್ಯ ಎಂದರೆ ಮರೆತಿದೆ ಎಂದರು.

ಸೋಮವಾರ ಬಜಾರಿಗೆ ಹೊರಟದ್ದು ನಿಜ. ನದಿಯ ಸೇತುವೆ ದಾಟಿ ಬೆಜಿಸ್ತೆನ್ ಹೊಕ್ಕೆವು. ಟರ್ಕರ ಕಾಲದ ಆ ಮಾರುಕಟ್ಟೆಗೆ ಗುಮ್ಮಟಗಳ ಮಾಡು, ನಾಲ್ಕು ಕಡೆ ಕಬ್ಬಿಣದ ಬಾಗಿಲು. ಒಳಗೆ ಒಂದು ಕಾಲಕ್ಕೆ ರೇಷ್ಮೆ ಮಾರುತ್ತಿದ್ದರಂತೆ, ಈಗ ಮದುವೆ ಬಟ್ಟೆ ಮತ್ತು ಒಳ ಉಡುಪು. ಆಚೆ ಬಾಗಿಲಿನಿಂದ ಹೊರಬಿದ್ದರೆ ಕಿರಿದಾದ ಓಣಿಗಳು: ಕಮ್ಮಾರರು, ಹಾಸಿಗೆ ಹೊಲಿಯುವವರು, ಗಡಿಯಾರ ರಿಪೇರಿಯವರು. ಮೆಣಸಿನಕಾಯಿ ಅಂಗಡಿಯೊಂದರ ಎದುರು ನಾನು ನಿಂತುಬಿಟ್ಟೆ. ಪಕ್ಕದ ಬುಕೊವೊ ಎಂಬ ಹಳ್ಳಿಯ ಒಣಮೆಣಸಿನ ತರಿ, ಬಣ್ಣ ಥೇಟ್ ಬ್ಯಾಡಗಿ. ಮೂಸಿದರೆ ಘಾಟಿಲ್ಲ, ಸಿಹಿ ವಾಸನೆ. ನಮ್ಮ ಊರಿನ ಹತ್ತಿರವೂ ಇಂಥದೇ ಬೆಳೆಯುತ್ತಾರೆಂದು ಅಂಗಡಿಯಾಕೆಗೆ ತಿಳಿಸಿಕೊಡಿ ಎಂದು ಹೇಳಲು ತಿರುಗಿದರೆ ವೇರಾ ಇರಲಿಲ್ಲ. ಓಣಿಯ ಕೊನೆಯಲ್ಲಿ, ರಸ್ತೆ ಎಡಕ್ಕೆ ತಿರುಗುವಲ್ಲಿ ನಿಂತಿದ್ದರು. ಆ ತಿರುವಿನಾಚೆ ಏನಿದೆಯೆಂದು ನನಗೆ ಗೊತ್ತಾಯಿತು. ಹಿಟ್ಟು ಬೇಯುವ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು.

ನಾನು ಅವರ ಹತ್ತಿರ ಹೋದೆ. "ಮಂಡಿ ನೋಯ್ತಾ ಇದೆ ಸುಮಾ. ನಾಳೆ ಬರೋಣ," ಎಂದರು. ಭಾನುವಾರ ಬಿಸಿಲಿನಲ್ಲಿ ಅಷ್ಟು ದೂರ ನಡೆದವರು.

ಅಂದು ಸಂಜೆ ಶಿರೋಕ್ ಸೊಕಾಕ್ ಎಂಬ ಅಗಲವಾದ ಬೀದಿಯಲ್ಲಿ ಕೂತೆವು. ವಾಹನಗಳಿಗೆ ಪ್ರವೇಶವಿಲ್ಲದ ಬೀದಿ. ಇಕ್ಕೆಲದಲ್ಲಿ ಹಿಂದೆ ಬೇರೆ ಬೇರೆ ದೇಶಗಳ ರಾಯಭಾರಿಗಳಿದ್ದ ಮನೆಗಳು, ತಿಳಿ ಹಳದಿ, ತಿಳಿ ಗುಲಾಬಿ, ಕಬ್ಬಿಣದ ಹೂಬಳ್ಳಿಯ ಬಾಲ್ಕನಿ. ಅವುಗಳ ಕೆಳಗೆಲ್ಲ ಕಾಫಿ ಅಂಗಡಿ. ಜನ ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ, ಮತ್ತೆ ವಾಪಸ್ ನಡೆಯುತ್ತಾರೆ. ಸಂಜೆಯ ಕೆಲಸವೆಂದರೆ ಅದೇ. ಮಣ್ಣಿನ ಕುಡಿಕೆಯಲ್ಲಿ ಬೇಯಿಸಿದ ದೊಡ್ಡ ಬಿಳಿ ಬೀನ್ಸ್, ತುರಿದ ಚೀಸಿನಡಿ ಹುದುಗಿದ ಟೊಮೆಟೊ ಮತ್ತು ಸೌತೆಕಾಯಿ, ಜೊತೆಗೆ ಬ್ರೆಡ್ ತಿಂದೆವು. ಬೋಜಾ ಎಂಬ ಪಾನೀಯ ಕುಡಿದೆ. ಧಾನ್ಯವನ್ನು ಹುಳಿ ಬರಿಸಿ ಮಾಡಿದ್ದು, ಸಕ್ಕರೆ ಹಾಕಿದ ಅಂಬಲಿಯ ಹಾಗಿತ್ತು. ವೇರಾ ಊಟದ ನಡುವೆ ಎರಡು ಸಲ ಮೇಜು ಬದಲಿಸಿದರು. ನಡೆಯುವ ಜನರ ಮುಖಗಳನ್ನು ಒಂದೂ ಬಿಡದೆ ನೋಡುತ್ತಿದ್ದರು. ತಮ್ಮನನ್ನು ನೋಡಲು ಹುಡುಕುತ್ತಿದ್ದರೋ ತಪ್ಪಿಸಿಕೊಳ್ಳಲು ಹುಡುಕುತ್ತಿದ್ದರೋ ನನಗೆ ತಿಳಿಯಲಿಲ್ಲ.

ಮಂಗಳವಾರ ಓಹ್ರಿದ್ ಸರೋವರ ನೋಡಲೇಬೇಕೆಂದು ಬಸ್ ಹತ್ತಿಸಿದರು. ಒಂದೂವರೆ ಗಂಟೆಯ ದಾರಿ. ನೀರು ಅಷ್ಟು ತಿಳಿಯಾಗಿತ್ತು, ದಡದ ಬಂಡೆಯ ಮೇಲಿನ ಪುಟ್ಟ ಚರ್ಚು ಅಷ್ಟು ಚಂದವಿತ್ತು. ನನ್ನ ಮನಸ್ಸಿಗೆ ಅದಾವುದೂ ಹತ್ತಲಿಲ್ಲ. ಒಂಬತ್ತು ವರ್ಷದಿಂದ ನಸುಕಿಗೆ ಎದ್ದು ಹಿಟ್ಟು ಹಿಡಿದ ಕೈಗಳಿಗೆ ಈ ರಜೆ ಒಗ್ಗುತ್ತಿರಲಿಲ್ಲ. ದೋಣಿಯಲ್ಲಿ ಕೂತು ಮತ್ತೆ ಮತ್ತೆ ಫೋನ್ ನೋಡುತ್ತಿದ್ದೆ. ಲೀಸ್ ಪತ್ರ ಇಮೇಲ್‌ನಲ್ಲಿ ಬಂದಿತ್ತು, ಓದಿ ಮುಚ್ಚುತ್ತಿದ್ದೆ. ಇವರಿಗೆ ತಮ್ಮನ ಅಂಗಡಿಯ ಮೆಟ್ಟಿಲು ಹತ್ತುವ ಧೈರ್ಯವಿಲ್ಲ, ನನಗೆ ಒಂದು ಸಹಿ ಹಾಕುವ ಧೈರ್ಯವಿಲ್ಲ, ಇಬ್ಬರೂ ಸೇರಿ ಭೂಮಿಯ ಅರ್ಧ ಸುತ್ತಿ ಬಂದು ದೋಣಿ ವಿಹಾರ ಮಾಡುತ್ತಿದ್ದೇವಲ್ಲ ಎಂದು ಸಿಟ್ಟು ಬಂತು. ಕಿರಣ್‌ಗೆ ಫೋನ್ ಮಾಡಿದರೆ, ಅನ್ವಿ ಪಕ್ಕದಿಂದ, "ಡಿಡ್ ಯು ಈಟ್ ದಿ ರಿಯಲ್ ಒನ್ ಯೆಟ್?" ಎಂದು ಕೇಳಿದಳು. ಇನ್ನೂ ಇಲ್ಲ ಕಂದಾ ಎಂದೆ.

ಬುಧವಾರ ಬೆಳಿಗ್ಗೆ ಆರೂವರೆಗೆ, ವೇರಾ ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ನಾನೊಬ್ಬಳೇ ಹೊರಟೆ. ಸೇತುವೆ ದಾಟಿ, ಬೆಜಿಸ್ತೆನ್ ಬಳಸಿ, ಮೆಣಸಿನಕಾಯಿ ಅಂಗಡಿ ಹಾದು, ಎಡಕ್ಕೆ ತಿರುಗಿದೆ. ಮೂರನೆಯದೇ ಆ ಅಂಗಡಿ. ನೀಲಿ ಬಾಗಿಲು, ಒಳಗೆ ನಾಲ್ಕು ಮೇಜು, ಗೋಡೆಯೊಳಗೆ ಹುಗಿದ ಸೌದೆ ಒಲೆ. ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಅಮೃತಶಿಲೆಯ ಮೇಜಿನ ಮೇಲೆ ಹಿಟ್ಟು ಎಳೆಯುತ್ತಿದ್ದಳು. ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ಮುದುಕ ವೇರಾರ ಮೂಗನ್ನೇ ಹೊತ್ತಿದ್ದ. ಎಡಗೈಯಲ್ಲಿ ಚಿಲ್ಲರೆ ಕೊಡುತ್ತಿದ್ದ. ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು, ಅಲುಗುತ್ತಿರಲಿಲ್ಲ. ಚೀಸ್ ಬುರೆಕ್ ಎರಡು ಕಟ್ಟಿಕೊಡಿ ಎಂದು ನನಗೆ ಬರುವ ಹರಕು ಮ್ಯಾಸಿಡೋನಿಯನ್‌ನಲ್ಲಿ ಕೇಳಿದೆ. ಅವನು ತಲೆಯೆತ್ತಿ ನನ್ನನ್ನು ನೋಡಿ, ಆ ಭಾಷೆ ಎಲ್ಲಿ ಕಲಿತೆ ಎಂದು ಕೇಳಿದ. ಮಾತು ಸ್ವಲ್ಪ ತೊದಲುತ್ತಿತ್ತು. ಮೆಲ್ಬರ್ನ್ ಎಂದೆ. ನಾನು ಹೊರಗೆ ಬರುವಾಗ ಬಾಗಿಲವರೆಗೂ ಅವನ ಕಣ್ಣು ನನ್ನ ಬೆನ್ನ ಮೇಲಿತ್ತು.

ಹೋಟೆಲಿಗೆ ಬಂದು ಪೊಟ್ಟಣವನ್ನು ವೇರಾರ ಮುಂದಿಟ್ಟೆ. ಎಲ್ಲಿಂದ ತಂದೆಯೆಂದು ಅವರು ಕೇಳಲಿಲ್ಲ, ಕಾಗದ ನೋಡಿಯೇ ತಿಳಿದಿದ್ದರು. ಒಂದು ಚೂರು ಮುರಿದು, ಪದರ ಬಿಡಿಸಿ ಬೆಳಕಿಗೆ ಹಿಡಿದು, ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು.

"ಇದು ಅವನ ಕೈಯದಲ್ಲ," ಎಂದರು.

ನಾನು ನೋಡಿದ್ದನ್ನು ಹೇಳಿದೆ. ಬಲಗೈಯ ವಿಷಯ, ತೊದಲುವ ಮಾತಿನ ವಿಷಯ. ವೇರಾ ಉಳಿದ ಚೂರನ್ನು ಕಾಗದದ ಮೇಲಿಟ್ಟು, ಕೈ ಒರೆಸಿಕೊಂಡು, ಚಪ್ಪಲಿ ಹುಡುಕತೊಡಗಿದರು. ಒಂದು ಕಾಲಿಗೆ ಸಿಕ್ಕಿತು, ಇನ್ನೊಂದು ಮಂಚದ ಕೆಳಗಿತ್ತು. ನಾನು ಬಗ್ಗಿ ತೆಗೆದುಕೊಟ್ಟೆ. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದರು.

ಅಂಗಡಿಯ ಬಾಗಿಲಲ್ಲಿ ಅವರು ನಿಂತಾಗ ಒಳಗೆ ಐದಾರು ಗಿರಾಕಿಗಳಿದ್ದರು. ಬ್ಲಾಗೊಯ್ ಏಳಲು ನೋಡಿದ, ಆಗಲಿಲ್ಲ, ಗಲ್ಲಾ ಮೇಜಿನ ಅಂಚು ಹಿಡಿದು ಎರಡನೇ ಸಲಕ್ಕೆ ಎದ್ದ. ಅಪ್ಪಿಕೊಳ್ಳುತ್ತಾರೇನೋ ಎಂದುಕೊಂಡೆ. ವೇರಾ ಎದುರಿಗೆ ಹೋಗಿ ನಿಂತು ಒಂದೇ ಪ್ರಶ್ನೆ ಕೇಳಿದರು, ಅದು ನನಗೂ ಅರ್ಥವಾಯಿತು: "ಯಾಕೆ ಫೋನ್ ಮಾಡಲಿಲ್ಲ?"

ಅವನ ಉತ್ತರವನ್ನು ವೇರಾ ಆಮೇಲೆ ನನಗೆ ಹೇಳಿದರು. "ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ. ನಾಳೆ ಮಾಡೋಣ, ನಾಳೆ ಮಾಡೋಣ ಅಂತಿದ್ದೆ. ದಿನ ಹೋಗ್ಬಿಟ್ವು," ಎಂದನಂತೆ. ನಾನು ಕಂಡದ್ದಿಷ್ಟು: ಅವನು ಹೇಳಿ ಮುಗಿಸಿದ ಮೇಲೆ ವೇರಾ ಅವನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಎತ್ತಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು, ಹಿಟ್ಟಿನ ಹದ ನೋಡುವ ಹಾಗೆ. ಪಾರ್ಶ್ವವಾಯು ಬಡಿದು ಎರಡು ವರ್ಷವಾಗಿತ್ತಂತೆ. ಮಗ ಜರ್ಮನಿಯಲ್ಲಿ ಟ್ರಕ್ ಓಡಿಸುತ್ತಾನೆ. ಅಂಗಡಿ ನಡೆಸುತ್ತಿದ್ದವಳು ಸೊಸೆ ಎಲೆನಾ ಒಬ್ಬಳೇ. ಅವಳು ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ಅಳುತ್ತಿದ್ದಳು. ಬೇಸರಕ್ಕೋ ಸಮಾಧಾನಕ್ಕೋ ತಿಳಿಯದು. ಗಿರಾಕಿಗಳು ತಟ್ಟೆಯಿಂದ ತಲೆಯೆತ್ತಲಿಲ್ಲ.

ಅಂದು ನಾನೂ ಆ ಮೇಜಿನ ಎದುರು ನಿಂತೆ. ಇಷ್ಟು ದೂರ ಬಂದು ನೋಡುತ್ತ ಕೂರಲು ನನ್ನಿಂದಾಗದು. ಹಿಟ್ಟಿನ ಉಂಡೆ ತೆಗೆದುಕೊಂಡು ಎಳೆದೆ. ಹರಿಯಿತು. ಇನ್ನೊಂದನ್ನು ಎಳೆದೆ, ನಡುವೆ ತೂತು ಬಿತ್ತು. ಇಲ್ಲಿನ ಹಿಟ್ಟು ಬೇರೆ, ನಮ್ಮದಕ್ಕಿಂತ ಮೃದು, ಬೇಗ ಬಿಟ್ಟುಕೊಡುತ್ತದೆ. ಮೆಲ್ಬರ್ನಿನಲ್ಲಿ ಇಷ್ಟು ಹರಿದಿದ್ದರೆ ವೇರಾ ಬೈಯುತ್ತಿದ್ದರು. ಇಲ್ಲಿ ಇನ್ನೊಂದು ಉಂಡೆಯನ್ನು ನನ್ನತ್ತ ತಳ್ಳಿದರು. ನಾಲ್ಕನೆಯದು ನಿಂತಿತು. ಮೇಜಿನ ನಾಲ್ಕೂ ಅಂಚು ದಾಟಿ ಇಳಿಬಿದ್ದ ಹಾಳೆಯ ಕೆಳಗೆ ಅಮೃತಶಿಲೆಯ ಗೆರೆಗಳು ಕಂಡವು. ಬ್ಲಾಗೊಯ್ ಏನೋ ಹೇಳಿದ. ವೇರಾ ಅದನ್ನು ನನಗೆ ತಿಳಿಸಲಿಲ್ಲ, ಒಂದು ಸಣ್ಣ ನಗೆ ನಕ್ಕರು ಅಷ್ಟೆ. ಒಲೆಯಿಂದ ಬಂದ ಮೊದಲ ತುಂಡನ್ನು ಗಟ್ಟಿ ಮೊಸರಿನ ಜೊತೆ ನಿಂತೇ ತಿಂದೆ. ನಮ್ಮ ಥಾಮಸ್‌ಟೌನಿನದು ಕಡಿಮೆಯೇನಲ್ಲ ಎಂದು ಅನಿಸಿತು. ಇದರ ತಳದಲ್ಲಿ ಸೌದೆಯ ಹೊಗೆಯ ಒಂದು ಘಮವಿತ್ತು, ಅದನ್ನು ಮಾತ್ರ ನಾನು ಎಲ್ಲಿಂದಲೂ ತರಲಾರೆ.

ಗುರುವಾರ, ಶುಕ್ರವಾರ ವೇರಾ ನಸುಕಿಗೇ ಅಂಗಡಿಗೆ ಹೋದರು. ನನಗೆ ಊರು ನೋಡಲು ಬೇಕಾದಷ್ಟು ಸಮಯ ಸಿಕ್ಕಿತು. ಗಡಿಯಾರ ಗೋಪುರದ ಸುತ್ತ ತಿರುಗಿದೆ, ಮಸೀದಿಯ ಅಂಗಳದಲ್ಲಿ ಕೂತೆ, ಹಳೆಯ ಚರ್ಚಿನಲ್ಲಿ ಬಲಿಪೀಠದ ಮುಂದೆ ಮರದಲ್ಲಿ ಕೆತ್ತಿದ ಪರದೆಗೋಡೆ ನೋಡಿದೆ, ಅನ್ವಿಗೆ ಮಣಿಸರ ಕೊಂಡೆ. ಎಲ್ಲಿಯೂ ಹತ್ತು ನಿಮಿಷಕ್ಕಿಂತ ನಿಲ್ಲಲಾಗಲಿಲ್ಲ. ಕಾಲು ತಾನಾಗಿ ಬಜಾರಿನ ಕಡೆಗೇ ಹೋಗುತ್ತಿತ್ತು.

ಶುಕ್ರವಾರ ಸಂಜೆ ನಾನು ಸೂಟ್‌ಕೇಸ್ ತುಂಬುತ್ತಿದ್ದಾಗ ವೇರಾ ತಮ್ಮದನ್ನು ತೆರೆಯಲೇ ಇಲ್ಲ. ಮಂಚದ ತುದಿಯಲ್ಲಿ ಕೂತು, "ನಾನು ಈಗ ಬರಲ್ಲ ಸುಮಾ," ಎಂದರು.

ಇದನ್ನು ಮೆಲ್ಬರ್ನಿನಲ್ಲೇ ಹೇಳಬಹುದಿತ್ತಲ್ಲ, ನನ್ನನ್ನು ಹೀಗೆ ಸಿಕ್ಕಿಸುವುದಕ್ಕೇ ಕರೆತಂದಿರಾ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ಮೆಲ್ಬರ್ನ್‌ನಲ್ಲಿ ನಂಗೇ ಗೊತ್ತಿರ್ಲಿಲ್ಲ," ಎಂದರು. "ಎಲೆನಾ ಒಬ್ಬಳ ಕೈಲಿ ಆಗಲ್ಲ. ಚಳಿಗಾಲದವರೆಗೆ ಇರ್ತೀನಿ. ಆಮೇಲೆ ನೋಡೋಣ. ನಿನ್ನ ಮೇಲೆ ಹೊರಿಸ್ತಾ ಇಲ್ಲ. ನೀನು ಬೇಡ ಅಂದ್ರೆ ಅಂಗಡಿ ಮುಚ್ಚಲಿ."

ಮುಚ್ಚಲಿ ಎಂಬ ಮಾತು ಅವರ ಬಾಯಿಂದ ಅಷ್ಟು ಹಗುರವಾಗಿ ಬಂದದ್ದಕ್ಕೆ ನನಗೆ ನೋವಾಯಿತು. ಆ ನೋವಿನಲ್ಲೇ ಉತ್ತರವಿತ್ತು. ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಿ, ಮೇಜಿನೆದುರು ನಿಂತಿದ್ದ ಅವರಿಗೆ ಹೇಳಿದೆ: "ಮಂಗಳವಾರ ನಾನು ಬಾಗಿಲು ತೆಗೀತೀನಿ. ಲೀಸ್ ನನ್ನ ಹೆಸರಲ್ಲಿ. ಆದ್ರೆ ದಿನಾ ಫೋನ್ ಮಾಡಿ ಉಪ್ಪು ಎಷ್ಟು, ಎಣ್ಣೆ ಎಷ್ಟು ಅಂತ ಕೇಳ್ಬಾರ್ದು." ಕಿರಣ್‌ಗೆ ಆಗಲೇ ಮೆಸೇಜ್ ಮಾಡಿದ್ದೆ. ಅವನು ಒಂದು ಗಂಟೆಯ ಮೇಲೆ, 'ಗೊತ್ತಿತ್ತು' ಎಂದಷ್ಟೇ ಬರೆದಿದ್ದ. ವೇರಾ ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಹಿಡಿದುಕೊಂಡರು. ಆಮೇಲೆ, ಒಲೆ ಕಾದಿದೆ, ಬಸ್ ಸ್ಟ್ಯಾಂಡಿಗೆ ಬರಲು ಆಗುವುದಿಲ್ಲ ಎಂದು ತಿರುಗಿಕೊಂಡರು.

ಬಸ್ ಸ್ಟ್ಯಾಂಡ್ ಊರ ಅಂಚಿನಲ್ಲಿದೆ. ಸೂಟ್‌ಕೇಸ್ ಡಿಕ್ಕಿಗೆ ಹಾಕಿ ಹತ್ತಬೇಕೆನ್ನುವಷ್ಟರಲ್ಲಿ ಟ್ಯಾಕ್ಸಿಯೊಂದರಿಂದ ಬ್ಲಾಗೊಯ್ ಇಳಿದ. ಊರುಗೋಲು ಊರಿ, ಕಾಲೆಳೆಯುತ್ತ ಬಂದ. ಅವನೊಡನೆ ಯಾರೂ ಇರಲಿಲ್ಲ. ಅಕ್ಕನಿಗೆ ಹೇಳಿ ಬಂದಿರಲಿಲ್ಲವೆಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ನನಗೆ ಅರ್ಥವಾಗಲೆಂದು ಒಂದೊಂದೇ ಪದ ಬಿಡಿಸಿ ಕೇಳಿದ:

"ಅವಳು ನಿಜವಾಗ್ಲೂ ಇರ್ತಾಳಾ?"

ಒಂಬತ್ತು ವರ್ಷ ಅವರ ಪಕ್ಕದಲ್ಲಿ ನಿಂತು ಕೆಲಸ ಮಾಡಿದ್ದೇನೆ, ಹೀಗೇ ಮಾಡುತ್ತಾರೆಂದು ಯಾವತ್ತೂ ಊಹಿಸಲು ಆಗಿರಲಿಲ್ಲ. ಗೊತ್ತಿದ್ದದ್ದನ್ನೇ ಹೇಳಿದೆ. ಎರಡು ಟಿಕೆಟ್ ಇವೆ, ನಾನೊಬ್ಬಳೇ ಹೋಗುತ್ತಿದ್ದೇನೆ. ಅವನು ಆ ಮಾತನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡವನಂತೆ ತುಟಿ ಅಲುಗಿಸಿದ, ತಲೆಯಾಡಿಸಿದ.

ಡ್ರೈವರ್ ಹಾರ್ನ್ ಹೊಡೆದ. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಗೇಟಿನತ್ತ ಹೊರಟಿತು. ನಾನು ಹಿಂದಿನ ಗಾಜಿನಲ್ಲಿ ನೋಡಿದೆ. ಬ್ಲಾಗೊಯ್ ನಮ್ಮ ಬಸ್ಸನ್ನು ನೋಡುತ್ತಿರಲಿಲ್ಲ. ಆಗಲೇ ಊರಿನ ಕಡೆ ಮುಖ ಮಾಡಿ, ಟ್ಯಾಕ್ಸಿಯವನು ಬಾಗಿಲು ತೆರೆದು ಕರೆಯುತ್ತಿದ್ದರೂ ಕಾಯದೆ, ಅಂಗಡಿಯತ್ತ ನಡೆಯುತ್ತಿದ್ದ.